ನಡುವಿನ ಮೆ

ವಾಟ್ಸನ್‌ವಿಲ್ ಗ್ರಂಥಾಲಯದ ಎರಡನೇ ಮಹಡಿ,
ಮಂಗಳವಾರ ಸಂಜೆ ಆರೂವರೆ.
ಸ್ಟ್ರಾಬೆರಿ ಹೊಲದ ಮಂಜು ಕಿಟಕಿಗೆ ಆತುಕೊಂಡಿದೆ.
ಎವುಲಾಲಿಯಾ ಟೀಚರು ಬೋರ್ಡಿನ ಮೇಲೆ 'ಯೋ' ಎಂದು ಬರೆದು,
ಅಂದರೆ 'ನಾನು' ಎಂದು ಹೇಳಿ,
ಅಂಗೈಯಿಂದಲೇ ಒರೆಸಿಬಿಟ್ಟರು.
"ಇದು ಬೇಕಿಲ್ಲ. ಕ್ರಿಯಾಪದದ ಬಾಲದಲ್ಲೇ ಕೂತಿರುತ್ತೆ."

ಪಕ್ಕದಲ್ಲಿ ನಿವೃತ್ತ ಫೈರ್‌ಮನ್ ವೆಂಡೆಲ್ ಕಂಗಾಲು:
'ನಾನು' ಇಲ್ಲದೆ ಮಾತು ಶುರುವಾಗುವುದಾದರೂ ಹೇಗೆ?
ಒಳಗೊಳಗೇ ನಕ್ಕೆ.
ನೋಡಿ, ಈ 'ನಕ್ಕೆ'ಯಲ್ಲಿ ನಾನಿದ್ದೇನೆ,
ಬೇರೆ ಕುರ್ಚಿ ಕೇಳಿಲ್ಲ.

'ಮೆ ಗುಸ್ತಾ' ಎಂದರೆ ನನಗೆ ಇಷ್ಟ.
'ಮೆ ದುವೆಲೆ', ನನಗೆ ನೋವು.
ವೆಂಡೆಲ್ ಪೆನ್ಸಿಲ್ ಕಚ್ಚುತ್ತಾನೆ:
ಕಾಫಿಯನ್ನು ಮೆಚ್ಚುವವನು ನಾನು ತಾನೇ,
ಕಾಫಿ ನನಗೇನು ಮಾಡುತ್ತದೆ?
ಅವನಿಗೆ ಹೇಗೆ ಹೇಳಲಿ,
ನಮ್ಮಲ್ಲಿ ಚಳಿ, ನಿದ್ದೆ, ನೆನಪು ಎಲ್ಲವೂ
ತಾವಾಗಿಯೇ ನಡೆದು ಬಂದು
'ಗೆ' ಪ್ರತ್ಯಯದ ಚಿಲಕ ಬಡಿಯುತ್ತವೆ ಎಂದು.

'ಲೆ' ಪಕ್ಕದಲ್ಲಿ 'ಲಾ' ಬಂದರೆ
'ಲೆ' ಎದ್ದು ಹೋಗಿ 'ಸೆ' ಬಂದು ಕೂರುತ್ತದಂತೆ.
ಯಾಕೆ? ಟೀಚರು ಭುಜ ಹಾರಿಸಿದರು.
ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡೆ: ಆದೇಶ ಸಂಧಿ.
ಏಳನೇ ಕ್ಲಾಸಿನಲ್ಲಿ ಹಲಗೇರಿ ಮಾಸ್ತರರ ಕೈಲಿ ತಿಂದ ಏಟು
ಕ್ಯಾಲಿಫೋರ್ನಿಯಾದಲ್ಲಿ ಉಪಯೋಗಕ್ಕೆ ಬಂತು.

ಇಷ್ಟು ಜಂಬ ಸಾಕಾಯಿತು ಬುಧವಾರ ಮುಗ್ಗರಿಸಲು.

ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು.
ಬೆಳಗ್ಗೆ ಏಳಕ್ಕೆ ದೋನ್ ಕ್ರೆಸೆನ್ಸಿಯೊ ತೋಳು ಚಾಚಿದರು,
ಎಪ್ಪತ್ತು ದಾಟಿದೆ, ಉಗುರಿನ ಸಂದಿಯಲ್ಲಿ ಹಣ್ಣಿನ ಕೆಂಪು.
'ಅಪ್ರಿಯೆತಾ' ಅಂದೆ, ಮುಷ್ಟಿ ಕಟ್ಟು.
'ಅಪ್ರಿಯೆತೆ' ಅನ್ನಬೇಕಿತ್ತು, ಕಟ್ಟಿರಿ.
ಒಂದೇ ಸ್ವರ ಜಾರಿ
ಅಪ್ಪನ ವಯಸ್ಸಿನವರು ಏಕವಚನಕ್ಕೆ ಬಿದ್ದರು.
ಅವರೇನೂ ಅನ್ನಲಿಲ್ಲ. ಮುಷ್ಟಿ ಕಟ್ಟಿದರು.
ನರ ಎದ್ದಿತು, ಅದಕ್ಕೆ ವ್ಯಾಕರಣವಿಲ್ಲ.

'ಉಸ್ತೆದ್' ಎದುರಿಗೆ ಕೂತವರನ್ನೂ
ಅನ್ಯಪುರುಷದ ಕ್ರಿಯಾಪದದಲ್ಲಿ ಮಾತಾಡಿಸುತ್ತದೆ.
ನಮ್ಮ 'ತಾವು' ಕೂಡ ಹಾಗೇ ಅಲ್ಲವೇ,
'ತಾನು'ವಿನ ಮನೆಯಿಂದ ಎರವಲು ತಂದದ್ದು,
ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿಯುವ ಮಾತು.
ಗೊತ್ತಿತ್ತು. ಗೊತ್ತಿದ್ದೂ ತಪ್ಪಿದೆ.

ಟ್ಯೂಬು ತುಂಬುತ್ತಿರುವಾಗ ಫಾರಂ ಓದಿದೆ.
ತುರ್ತಿಗೆ ಯಾರನ್ನು ಕರೆಯಬೇಕು?
ಹೋದ ವರ್ಷದ ಹೆಸರು: ಹೆರ್ಮಿನಿಯಾ, ಹೆಂಡತಿ.
ಈಗಲೂ ಇವರೇನಾ?

"ಸೆ ಮೆ ಮುರಿಯೊ."

ಮುರಿಯೊ, ಸತ್ತಳು. ಕಂಪ್ಯೂಟರಿಗೆ ಅಷ್ಟು ಸಾಕು.
ನಡುವೆ ಈ ಮೆ ಯಾಕೆ ಬಂತು?
'ನನಗೆ ಸತ್ತಳು', ಕನ್ನಡ ಮುಖ ತಿರುಗಿಸುತ್ತದೆ.
'ನನ್ನ ಪಾಲಿಗೆ ಸತ್ತಳು', ಥೂ,
ಅದು ಜಗಳವಾಡಿ ಬಾಗಿಲು ಹಾಕಿಕೊಂಡವರ ಮಾತು.
ಇಡೀ ಮಂಗಳವಾರ ಬೆನ್ನು ತಟ್ಟಿದ್ದ 'ಗೆ'
ಇಲ್ಲಿ ನನ್ನ ಕೈಬಿಟ್ಟಿತು.

ಕೈಬಿಟ್ಟಿತು.
ಅಪ್ಪ ಹೋದ ಮೇಲೆ ಅವ್ವ ಯಾರಿಗೂ 'ಸತ್ತರು' ಅನ್ನಲಿಲ್ಲ,
"ನನ್ನ ಕೈಬಿಟ್ಟು ಹೋದ್ರು" ಅಂತಿದ್ದಳು,
ಅಕ್ಕಿ ಆರಿಸುತ್ತ, ತಲೆ ಎತ್ತದೆ.
ಆ 'ನನ್ನ' ಇರಬಹುದು ಈ 'ಮೆ'.
ಪೂರ್ತಿ ಅಲ್ಲ.

ನಾಲ್ಕನೇ ಟ್ಯೂಬೂ ತುಂಬಿತ್ತು.
ಅವರ ಮುಷ್ಟಿ ಇನ್ನೂ ಬಿಗಿಯಾಗಿತ್ತು,
ಬಿಡಲು ಹೇಳುವುದನ್ನೇ ಮರೆತಿದ್ದೆ.
'ಸುವೆಲ್ತೆ' ಅಂದೆ. ಬಿಡಿ.
ಈ ಸಲ ಸ್ವರ ಸರಿಯಾಗಿತ್ತು.
ಬಿಡಲು ಅವರು ಸ್ವಲ್ಪ ಹೊತ್ತು ತೆಗೆದುಕೊಂಡರು.