ಅರ್ಧ ಬಾಯಿ

ಸಿರುಗುಪ್ಪದಲ್ಲಿ, ಅಕ್ಕಿ ಮಿಲ್ಲಿನ ಉಮಿ ಹಾರಿಬಂದು
ಗ್ರೀಸಿನ ಡಬ್ಬಿಗೆ ಮೀಸೆ ಬರಿಸುವ ರಸ್ತೆಯಲ್ಲಿ
ನನ್ನ ಅಂಗಡಿ.
ಪವರ್ ಸ್ಪ್ರೇಯರು, ನೀರೆತ್ತುವ ಇಂಜಿನ್ನು, ಮರ ಕೊಯ್ಯುವ ಮಿಷನ್ನು,
ಎಲ್ಲಿ ನೋವೆಂದು ಹೇಳಲಾರದವು
ಇಲ್ಲಿಗೆ ಬರುತ್ತವೆ.

ಎರ್ರಿಸ್ವಾಮಿ ಮಿಷನ್ನು ಬೆಂಚಿನ ಮೇಲೆ ಕುಕ್ಕಿ
"ಶೇಕ್ಷಾವಲಿ, ಇದಕ್ಕ ಉಸಿರೇ ಇಲ್ಲ" ಅಂದ.
ಕಾಲುವೆ ದಂಡೆಯ ಜಾಲಿ, ಟನ್ ಲೆಕ್ಕದ ಕೂಲಿ.
ಬಳ್ಳಾರಿ ಜಾಲಿ: ನಮ್ಮ ಊರ ಕಡೆಯ ಹೆಸರು ಹೊತ್ತು
ನಮ್ಮ ಚಪ್ಪಲಿಗೇ ಮುಳ್ಳು ಇಳಿಸುವ ಮರ.
ಹಸಿಯಿದ್ದಾಗ ಬೆಲ್ಲ, ಒಣಗಿದರೆ ಕಬ್ಬಿಣ,
ನಡುವೆ ಎಲ್ಲೋ ಚೈನು ಕಚ್ಚಿಕೊಂಡು ನಿಲ್ಲುತ್ತದೆ.

ಎರಡು ಬೋಲ್ಟು ಬಿಚ್ಚಿದೆ. ಸೈಲೆನ್ಸರು ಕೈಗೆ ಬಂತು,
ಅಂಗೈಯಗಲದ ತಗಡಿನ ಡಬ್ಬಿ.
ಒಳಗೆ ಕಿಡಿ ತಡೆಯುವ ಜಾಲರಿ,
ಅದರ ಕಣ್ಣುಗಳಲ್ಲಿ ಡಾಂಬರಿನಂಥ ಮಸಿ.
ಹೊಗೆ ಹೊರಹೋಗುವುದು
ಅವರೆಕಾಳು ದಾಟುವಷ್ಟು ತೂತಿನಲ್ಲಿ.
ಕಂಪನಿಯವರು ದಡ್ಡರಲ್ಲ. ಅವರ ಕಡೆ
ಪಕ್ಕದ ಮನೆಯವರು ಮಲಗಿರುತ್ತಾರೆ.
ಕಾಲುವೆ ದಂಡೆಯಲ್ಲಿ ಯಾರಿರುತ್ತಾರೆ?
ಹಾಗಂದುಕೊಂಡೆ.

ಡ್ರಿಲ್ ಹಿಡಿದೆ. ಹಳೇ ಎಂಟಾಣೆಯಷ್ಟು ಅಗಲ.
ಅರದಿಂದ ಅಂಚು ಉಜ್ಜಿ, ಒಳಗೆ ಬಿದ್ದ ಚೂರು
ಒಂದೂ ಉಳಿಯದಂತೆ ಕೊಡವಿದೆ.
ಒಂದು ಸಿಲಿಂಡರಿಗೆ ಹೋದರೂ
ಪಿಸ್ಟನ್ನಿಗೆ ಗೀರು, ನನಗೆ ಬೈಗುಳ.
ಜಾಲರಿಯನ್ನು ಗೋಡೆಯ ಮೊಳೆಗೆ ನೇತುಹಾಕಿದೆ.
"ಬಾಯಿ ಅಗಲ ಮಾಡೀನಿ, ಊಟಾನೂ ಜಾಸ್ತಿ ಹಾಕ್ಬೇಕು" ಎಂದು
ಕಾರ್ಬೊರೇಟರಿನ ಸ್ಕ್ರೂ ಎಡಕ್ಕೆ ಕಾಲು ಸುತ್ತು.
ಹಾಕದಿದ್ದರೆ ಬರೀ ಗಾಳಿ ಕುಡಿದು ಕುಣಿದು
ತನ್ನ ಬಿಸಿಗೆ ತಾನೇ ಹಿಡಿದುಕೊಳ್ಳುತ್ತದೆ.
ಇಂಥ ಮನುಷ್ಯರನ್ನೂ ನೋಡಿದ್ದೇನೆ.

ದಾರ ಎಳೆದ. ಎದುರಿನ ಹೋಟೆಲಿನಲ್ಲಿ
ಮಿರ್ಚಿ ಕಚ್ಚುತ್ತಿದ್ದವರು ಎದ್ದು ನಿಂತರು.
ನನಗೆ ಅದು ಕೇಳಿಸಿದ್ದು ಅಂಗೈಯಲ್ಲಿ.
ಇಪ್ಪತ್ತಾರು ವರ್ಷ ಇಂಜಿನ್ನುಗಳಿಗೆ ಕಿವಿ ಕೊಟ್ಟು ಕೊಟ್ಟು
ಕೊಟ್ಟದ್ದು ವಾಪಸು ಬರಲಿಲ್ಲ.
ದಿಮ್ಮಿಗೆ ಬಾರ್ ಒತ್ತಿದ.
ಮೊದಲು ಹಿಟ್ಟು ಉದುರುತ್ತಿತ್ತು,
ಈಗ ಅವಲಕ್ಕಿ.
ಎರ್ರಿಸ್ವಾಮಿ ನಕ್ಕ. ಹಲ್ಲು ಕಂಡವು.

ಒಂಬತ್ತನೇ ದಿನ ಮಾರೆಕ್ಕ ಬಂದಳು, ಒಬ್ಬಳೇ,
ಗೊಬ್ಬರದ ಚೀಲದಲ್ಲಿ ಮಿಷನ್ನು.
ಅವನು ಕೊಯ್ಯುತ್ತಾನೆ, ಇವಳು ಎಳೆದು ಒಟ್ಟುತ್ತಾಳೆ.
ನನ್ನ ಬಲಗಿವಿಯ ಹತ್ತಿರ ಬಂದು
"ಇದರ ಬಾಯಿ ಸಣ್ಣದು ಮಾಡು" ಅಂದಳು.
"ಯಾಕ, ಕೊಯ್ಯಂಗಿಲ್ಲೇನು?"
"ಕೊಯ್ತೈತೆ. ಒಂದೂವರೆ ಟನ್ ಆಗೋದು ಎರಡಾಗೈತೆ.
ನನ್ನ ಮಾತು ಅವಂಗೆ ಮುಟ್ಟಂಗಿಲ್ಲ.
ಉಣ್ಣಾಕ ಕರೀಬೇಕಂದ್ರ ಬೆನ್ನಿಗೆ ಚಕ್ಕೆ ಒಗೀತೀನಿ.
ಸೋಮಾರ ಒಣಹುಲ್ಲಿಗೆ ಕಿಡಿ ಬಿತ್ತು,
ಕುಡಿಯೋ ನೀರೆಲ್ಲ ಸುರುವಿದೆ.
ಮೊನ್ನೆ ಮರ ಇತ್ತಾಗ ವಾಲ್ತು. ಒದರಿದೆ.
ಚಕ್ಕೆ ಹುಡುಕಾಕ ಟೈಮಿರಲಿಲ್ಲ."
ತೋಳು ತೋರಿಸಿದಳು. ಅವನನ್ನು ತಳ್ಳಿದ ತೋಳು.
ಮೊಣಕೈಯಿಂದ ಮಣಿಕಟ್ಟಿನವರೆಗೆ
ಮುಳ್ಳು ಬರೆದ ಗೀಟುಗಳು, ಮೇಲೆ ಅರಿಶಿನ.

ತಗಡಿನ ತೂತು ತಾನಾಗಿ ಮಾಯುವುದಿಲ್ಲ.
ಅರ್ಧಚಂದ್ರದ ತುಂಡು ಕತ್ತರಿಸಿ ಬೆಸೆದೆ.
ಮೊಳೆಯಲ್ಲಿದ್ದ ಜಾಲರಿಯನ್ನು ಪೆಟ್ರೋಲಿನಲ್ಲಿ ತೊಳೆದು
ಇದ್ದಲ್ಲೇ ಕೂರಿಸಿದೆ.
ಸ್ಕ್ರೂ ಬಲಕ್ಕೆ ಅರೆಕಾಲು ಸುತ್ತು.
ದುಡ್ಡು ಬೇಡವೆಂದೆ.
"ರಾಡಿಂದು ತೊಗೋ" ಎಂದು ಇಪ್ಪತ್ತು ರೂಪಾಯಿ
ಸ್ಪ್ಯಾನರಿನ ಕೆಳಗಿಟ್ಟಳು.

ಆಮೇಲೆ ರಸ್ತೆ ದಾಟಿ
ಮಿಲ್ಲಿನ ಗೇಟಿನ ಹತ್ತಿರ ನಿಂತು ಕೈಯೆತ್ತಿದಳು.
ದಾರ ಎಳೆದು ಪೂರ್ತಿ ರೇಸು ಕೊಟ್ಟೆ.
ಅವಳ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.
ನನ್ನ ಕಿವಿಯನ್ನು ಕೇಳಿ ಏನುಪಯೋಗ,
ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದ ಹುಲುಗನ ಮುಖ ನೋಡಿದೆ.
ಹುಡುಗ ತಲೆಯಾಡಿಸಿದ.

ಆರಿಸಿ ಕೇಳಿದೆ: "ಏನಂದಳೋ?"
"ಸಾಕು, ಬಂದು ಉಣ್ಣು, ಅಂದಳು ಮಾಮಾ.
ಇನ್ನೊಂದು ಮಾತೂ ಅಂದಳು, ಎರ್ರಿಸ್ವಾಮಿಗೆ.
ಅದನ್ನ ನಾ ಹೇಳಂಗಿಲ್ಲ."