ಸಣ್ಣ ಬೋಗಣಿ

ಇಪ್ಪತ್ತೆಂಟು ವರ್ಷ ಇಂಡಿ ಬಸ್‌ಸ್ಟ್ಯಾಂಡಿನ ಎದುರು
ಮಿರ್ಚಿ ಬಜಿ ಕರದವ ನಾನು, ಬಜಿ ಲಾಯಪ್ಪ.
ಅಡಿಗಿ ಬರತೈತೇನು ಅಂತ ಕೇಳಿದ್ರ
ಇಲ್ಲ ಅನ್ನಬೇಕು.
ಕರಿಯೂದು ಕಡಾಯಿ ಜೋಡಿ ಮಾಡಿಕೊಂಡ ಒಪ್ಪಂದ:
ಹಿಟ್ಟಿನ ಹನಿ ಬಿಡತೀನಿ, ಮ್ಯಾಲ ಬಂದ್ರ ಎಣ್ಣಿ ಕಾದೈತಿ,
ತಳದಾಗ ಕುಂತ್ರ ಇನ್ನೊಂದು ಬೀಡಿ ಸೇದೂವಷ್ಟು ಟೈಮ್ ಐತಿ.
ಮಧ್ಯಾಹ್ನದ ಊಟ ನಾಕು ಬಜಿ, ಒಂದು ಹಿಡಿ ಚುರುಮುರಿ.
ರಾತ್ರಿ ಊಟ ಉಳದ ಬಜಿ.

ಶ್ರಾವಣದಾಗೊಂದು ರಾತ್ರಿ ಬಲಪಕ್ಕಡಿ ಕೆಳಗ
ಯಾರೋ ಝಾರಾ ಹಾಕಿ ತಿರುವಿದಂಗಾತು.
ಬೆನ್ನಿಗೆ ಹೋತು, ಹೆಗಲಿಗೆ ಏರಿತು,
ಮೊಣಕಾಲು ಮಡಚಿ ಮುಂಜಾನೆತನಕ ಕುಂತೆ.
ಬಿಜಾಪುರದಾಗ ಸ್ಕ್ಯಾನಿಂಗ್ ನೋಡಿದ ಡಾಕ್ಟರಬಾಯಿ
ಪಿತ್ತದ ಚೀಲದಾಗ ಹಳ್ಳು ಅದಾವ ಅಂದ್ಳು.
ಎಷ್ಟು?
ಎಣಸಾಕ ಬರಂಗಿಲ್ಲ, ಸಾಬೂದಾಣಿ ಗತೆ.
ಆಪರೇಶನ್ನಿಗೆ ದಿನಾ ಹೇಳತೀನಿ, ಅಲ್ಲೀತನಕ
ಎಣ್ಣಿ ಬ್ಯಾಡ, ಶೇಂಗಾ ಬ್ಯಾಡ, ತುಪ್ಪ ಬ್ಯಾಡ, ಕೆನಿ ಬ್ಯಾಡ.
‘ನಿಮ್ಮ ಕೆಲಸ ಏನು?’
ನಾ ಸುಮ್ಮನ ಅಂಗಿ ತೋಳು ಮೂಸಿ ನೋಡಿದೆ.

ಬ್ಯಾಡ ಅನ್ನೂದನ್ನ ಹಾಳಿ ತುಂಬ ಬರದು ಕೊಟ್ಟಿದ್ಳು.
ಬೇಕಾದ್ದು ಏನು ಅಂತ ಭೌರವ್ವನ ಹೇಳಬೇಕಾತು,
ಬಾಜು ಕುಂತು ರೊಟ್ಟಿ ಮಾರೂ ಭೌರವ್ವ,
ಐವತ್ತು ರೊಟ್ಟಿ ಬಡಿಯೂದರಾಗ ಒಂದು ಮಾತಾಡೂ ಹೆಣಮಗಳು.
‘ಒಂದು ಬೋಗಣಿ ಐತೇನು? ಒಂದು ಚಮಚಾ?
ಸಾಕು. ಕೈ ತೊಳಕೊ.

ಅರ್ಧ ವಾಟಗಾ ಅಕ್ಕಿ, ಅದಕ್ಕ ಚೂರು ಕಡಿಮಿ ಹೆಸರಬ್ಯಾಳಿ,
ನೀರು ತಿಳಿ ಆಗೂತನಕ ತೊಳಿ.
ಜೀರಗಿ ಬೋಗಣ್ಯಾಗ ಒಣಾನ ಹುರಿ,
ಒಗ್ಗರಣಿ ನೆನಪು ಮಾಡ್ಕೋಬ್ಯಾಡ.
ಐದು ವಾಟಗಾ ನೀರು, ಚಿಟಿಕಿ ಅರಿಶಿಣ.
ಹೀರಿಕಾಯಿ ಸಿಪ್ಪಿ ಕೆತ್ತಿ ಹೆಚ್ಚಿ ಹಾಕು,
ಅದಕ್ಕ ನಿನ್ನ ಅವಸರ ಬೇಕಾಗಿಲ್ಲ, ತಾನ ಕರಗತೈತಿ.
ಬ್ಯಾಳಿ ಎರಡು ಬೆರಳಾಗ ಒತ್ತು.
ತಕರಾರಿಲ್ಲದ ಒಡದ್ರ ಇಳಸು.’

ಮೊದಲನೇ ದಿನ ತಳ ಹತ್ತಿತು.
ಎರಡನೇ ದಿನ ಉಪ್ಪು ಮರತೆ.
ಕರಿಯಾವಗ ಯಾರು ರುಚಿ ನೋಡತಾರ?
ಬಣ್ಣ ನೋಡತೀವಿ, ಎತ್ತತೀವಿ.
ಮೂರನೇ ದಿನ ಒಲಿ ಮುಂದ ಕುಂತಾಗ ತಿಳೀತು,
ಎಣ್ಣಿ ಕಾದಷ್ಟೂ ಸುಮ್ಮಾಗತೈತಿ,
ನೀರು ಕಾದಷ್ಟೂ ಮಾತಾಡತೈತಿ.
ಸುಮ್ಮನಿದ್ದದ್ದನ್ನ ನಂಬಿದೆನಲ್ಲ ಇಷ್ಟು ವರ್ಷ.

ಈಗ ಮುಂಜಾನೆ ಜೋಳದ ಅಂಬಲಿ,
ರಾತ್ರಿ ಕಲಸಿಟ್ಟ ಹಿಟ್ಟು, ಗಂಟಾಗದಂಗ ಒಂದ ದಿಕ್ಕಿಗೆ ತಿರುವಿ,
ಆರಿದ ಮ್ಯಾಲ ಬೆಣ್ಣಿ ತಗದ ಮಜ್ಜಿಗಿ.
ಮಧ್ಯಾಹ್ನ ಭೌರವ್ವನ ರೊಟ್ಟಿ
ತಿಳಿ ಬ್ಯಾಳಿಕಟ್ಟಿನಾಗ ಮುರದು ನೆನೆಸಿ, ಮ್ಯಾಲ ಲಿಂಬಿಹುಳಿ.
ಈ ಊರಾಗ ಲಿಂಬಿಗೇನು ಬರ?
ಇಷ್ಟು ದಿನ ದೃಷ್ಟಿಗಂತ ಬಂಡಿಗೆ ಕಟ್ಟಾಕಷ್ಟ ಕೊಂಡೀನಿ.
ರಾತ್ರಿ ಮತ್ತ ಅದ ಬೋಗಣಿ.

ಕದ್ದು ತಿಂದಿಲ್ಲಂತಲ್ಲ.
ಒಂದಿನ ಸಂಜಿ ತುಂತುರು ಮಳಿ, ಗಿರಾಕಿ ಇಲ್ಲ,
ಝಾರಾದಾಗ ಒಂದ ಬಜಿ ಉಳೀತು.
ತುದಿ ಅಷ್ಟ ಕಡದೆ. ಆಮ್ಯಾಲ ತೊಟ್ಟೂ ಬಿಡಲಿಲ್ಲ.
ನಡುರಾತ್ರಿ ಹಳ್ಳೆಲ್ಲಾ ಎದ್ದು ಕುಂತುವು.
ಮುಂಜಾನೆ ನನ್ನ ಮಾರಿ ನೋಡಿದ ಭೌರವ್ವ
ಏನೂ ಕೇಳಲಿಲ್ಲ.
ಅಂಬಲಿ ತಾನ ತಿರುವಿದ್ಳು.

ಬಂಡಿ ನಿಂತಿಲ್ಲ. ದೊಡ್ಡ ಒಲಿ ಮ್ಯಾಲ ಕಡಾಯಿ,
ಮಗ್ಗಲದ ಸ್ಟೋ ಮ್ಯಾಲ ಸಣ್ಣ ಬೋಗಣಿ.
ನಿನ್ನೆ ಸೊಲ್ಲಾಪುರ ಬಸ್ಸಿನ ಕಂಡಕ್ಟರ್
ಪಕ್ಕಡಿ ಹಿಡಕೊಂಡು ಬಂದು ನಿಂತ.
‘ಅದೇನು ಕುದಿಯಾಕತ್ತೈತಿ?’
‘ಮಾರೂದಲ್ಲ ಅದು.’
‘ಆದ್ರೂ ಒಂದು ವಾಟಗಾ.’
ಕೊಟ್ಟೆ. ಊದಿ ಊದಿ ನಿಂತ ಕುಡದ.
ಡ್ರೈವರ್ ಎರಡು ಸಲ ಹಾರ್ನ್ ಹೊಡದ.
‘ಎಷ್ಟು?’ ಅಂದ, ಕಿಸೇದಾಗ ಕೈ ಇಟ್ಟು.

ಪ್ಲೇಟ್ ಬಜಿ ರೇಟು ನಿದ್ದಿಗಣ್ಣಾಗೂ ಹೇಳತೀನಿ.
ಇದಕ್ಕ ಬಾಯಿ ತಗದೆ, ಲೆಕ್ಕ ಬರಲಿಲ್ಲ.
‘ಉಪ್ಪು,’ ಅಂದೆ,
‘ಉಪ್ಪು ಸರಿ ಇತ್ತೇನು?’