ಆಚೆ ದಡಕ್ಕೆ ಹತ್ತು ನಿಮಿಷ

ವರ್ಷದಲ್ಲಿ ಒಂದೇ ಸಲ ಹೀಗೆ ಕೂಡಿಬರುತ್ತದೆ:
ಅವನ ಹೋಟೆಲಿಗೆ ಸೋಮವಾರದ ರಜೆ,
ಶಾಲೆಗೆ ಕಾರ್ನಿವಾಲಿನ ರಜೆ,
ನನಗೆ ಒರೆಸಲು ಯಾರ ಮನೆಯ ನೆಲವೂ ಇಲ್ಲ.

ಟೇಕೇಂದ್ರನ ಬೆರಳಲ್ಲಿ ಇನ್ನೂ ನಿನ್ನೆಯ ಬೆಳ್ಳುಳ್ಳಿ.
ಓಜಸ್ವಿ ಜೇನುನೊಣ.
ಮೂರು ವರ್ಷದ ನಿಬೋಧ ಮೀನು.
ಅಕ್ಕನ ಹಳೇ ವೇಷ, ಸೊಂಟಕ್ಕೆ ಪಿನ್ನು ಚುಚ್ಚಿ ಹಿಡಿಸಿದ್ದು,
ಒಂದು ರೆಕ್ಕೆ ಅಕ್ಕನ ಕಾಲದಲ್ಲೇ ಟ್ರಾಮಿನ ಪಾಲಾಗಿದೆ.

ನಾನು ಯಾವ ಮೀನು?
ಮೆಟ್ಟಿಲಿಳಿಯುತ್ತ ಮೂರು ಸಲ ಕೇಳಿದ.
ಸಾರ್ಡೀನು, ಅಂದಳು ಅಕ್ಕ.
ಅದನ್ನು ತಿಂತಾರಲ್ಲ ಅಂತ ಶುರುವಾಯಿತು ಅಳು.
ಯಾರೂ ತಿನ್ನದ ಮೀನು ಕಣೋ ನೀನು, ಅಂದೆ.
ಅಂಥದ್ದೊಂದು ಇದೆಯೋ ಇಲ್ಲವೋ,
ನಾನು ಹುಟ್ಟಿದ ದೇಶಕ್ಕೆ ಕಡಲೇ ಇಲ್ಲ.

ದೋಣಿ ಬಿಟ್ಟದ್ದು ಗೊತ್ತೇ ಆಗಲಿಲ್ಲ,
ಬೆಣ್ಣೆಯಿಂದ ಕೂದಲೆಳೆದ ಹಾಗೆ
ಲಿಸ್ಬನ್ನಿನಿಂದ ಬಿಡಿಸಿಕೊಂಡಿತು.
ಟೇಕೇಂದ್ರ ಕೂತಲ್ಲೇ ನಿದ್ದೆಹೋದ.
ಸಮುದ್ರ ನೋಡೋ, ಅಂದೆ ಮಗನಿಗೆ.
ಸಮುದ್ರ ಅಲ್ಲ ಆಮಾ, ನದಿ. ತೇಜು,
ತಿದ್ದಿತು ಜೇನುನೊಣ.
ಉಪ್ಪಗಿದೆಯಲ್ಲೇ?
ಉಪ್ಪಿದ್ದರೂ ನದಿ. ಟೀಚರ್ ಹೇಳಿದಾರೆ.

ಎಂಟು ವರ್ಷದಿಂದ ಬಾಗ್ಲುಂಗಿನ ತಂಗಿಗೆ
ಪ್ರತಿ ಶನಿವಾರ ಫೋನಿನಲ್ಲಿ
ಸಮುದ್ರದ ಪಕ್ಕದಲ್ಲೇ ಇದ್ದೇವೆ ಕಣೇ ಅನ್ನುತ್ತಿದ್ದೇನೆ.

ಎದುರು ಬೆಂಚಿನಲ್ಲಿ ಒಬ್ಬ ಅಜ್ಜಿ,
ಮಡಿಲಲ್ಲಿ ಕೋಸಿನ ಚೀಲ, ತಲೆಗೆ ಉಣ್ಣೆಯ ಟೊಪ್ಪಿ.
ನಿಬೋಧನನ್ನು ನೋಡಿದಳು, ನನ್ನನ್ನು ನೋಡಿದಳು,
ಮತ್ತೆ ನಿಬೋಧನನ್ನು.
ಆಮೇಲೆ ನೇರ ನನಗೇ ಏನೋ ಅಂದಳು,
ಮೊರದಿಂದ ಅಕ್ಕಿ ಸುರಿದ ಹಾಗೆ, ನಿಲ್ಲಿಸದೆ.
ನಾನು ನಕ್ಕೆ. ಭಾಷೆ ಬಾರದವಳ ನಗೆ,
ಎಲ್ಲ ಬೀಗಕ್ಕೂ ಹಾಕಿ ನೋಡುವ ಒಂದೇ ಬೀಗದಕೈ.
ಮಗಳತ್ತ ತಿರುಗಿದೆ.

ತಲೆಯ ಮೇಲಿನ ಸ್ಪ್ರಿಂಗಿನ ಕೊಂಬು ಸರಿಮಾಡಿಕೊಂಡು
ಒಂದು ಗಳಿಗೆ ನೀರು ನೋಡಿದಳು ಓಜಸ್ವಿ.
ಮೀನು ತುಂಬ ಚೆನ್ನಾಗಿದೆಯಂತೆ.
ನೀನೇ ಹೊಲಿದೆಯಾ ಅಂತ ಕೇಳ್ತಾರೆ.

ಒಂಬತ್ತು ಮನೆಗಳ ನೆಲ ಒರೆಸುವವಳು ನಾನು.
ಫ್ರೀಯು ಅಂದರೆ ಚಳಿ, ಗೊತ್ತು.
ಕಬೇಸ ಅಂದರೆ ತಲೆ.
ಉಳಿದದ್ದನ್ನು ಅಜ್ಜಿಯ ಹುಬ್ಬೇ ಹೇಳಿತ್ತು:
ಈ ಗಾಳಿಗೆ ಮಗುವನ್ನು ಬರಿತಲೆಯಲ್ಲಿ ತಂದಿದ್ದೀಯಲ್ಲ,
ಎಂಥ ತಾಯಿಯಮ್ಮ ನೀನು.

ಮಗಳ ಮುಖದಲ್ಲಿ ಸುಳ್ಳಿನ ಸುಳಿವೇ ಇಲ್ಲ.
ಏಳು ವರ್ಷ.
ಎಲ್ಲಿ ಕಲಿತಳು ಇವಳು,
ಮುಳ್ಳು ಬಿಡಿಸಿ ತುತ್ತು ಕೊಡುವುದನ್ನು?
ಆಸ್ಪತ್ರೆಯ ಕೌಂಟರಿನಲ್ಲಿ,
ಬಾಡಿಗೆ ಕೇಳಲು ಬಂದವನ ಮುಂದೆ ಬಾಗಿಲಲ್ಲಿ,
ಪರ್ಮಿಟ್ಟಿನ ಕಚೇರಿಯ ಗಾಜಿನ ಈಚೆ
ನನ್ನ ಸೆರಗಿನ ಎತ್ತರಕ್ಕೆ ನಿಂತು,
ಬಿಡಿಸಿದ ಮುಳ್ಳನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಾಳೆ?

ಹೌದು, ನಾನೇ ಹೊಲಿದದ್ದು ಅಂತ ಹೇಳು, ಅಂದೆ.
(ಚೀನಿಯವರ ಅಂಗಡಿಯದು, ಐದು ಯೂರೋ.)
ಅವಳು ಹೇಳಿದಳು. ಏನು ಹೇಳಿದಳೋ,
ಅಜ್ಜಿ ತನ್ನ ಟೊಪ್ಪಿ ತೆಗೆದು
ಮೀನಿನ ತಲೆಗೆ ಕಿವಿಮುಚ್ಚ ಎಳೆದಳು.
ಮೀನಿಗೆ ಟೊಪ್ಪಿ ಇರಲ್ಲ! ಚೀರಾಟ.
ತೆಳ್ಳಗೆ ಬೆಳ್ಳಗೆ ಅಜ್ಜಿಯ ಕೂದಲು
ಅಷ್ಟೂ ಗಾಳಿಯ ಪಾಲು.

ಆಚೆ ದಡದಲ್ಲಿ ವಿಶೇಷವೇನೂ ಇಲ್ಲ.
ಒಂದು ಬನ್ನು ನಾಲ್ಕು ಪಾಲು.
ಗಾಳ ಹಾಕಿ ಕೂತಿದ್ದವನ ಬಕೆಟ್ಟಿಗೆ ಬಗ್ಗಿ
ನಿಬೋಧ ತುಂಬ ಹೊತ್ತು ಏನೋ ವಿಚಾರಿಸುತ್ತಿದ್ದ,
ತಲೆಯಲ್ಲಿ ಅದೇ ಟೊಪ್ಪಿ.

ವಾಪಸು ಬರುವಾಗಲೂ ಮಲಗಿದ ಟೇಕೇಂದ್ರ.
ಕಟ್ಟೆ ತಾಗಿದ ಸದ್ದಿಗೆ ಬೆಚ್ಚಿ ಎದ್ದು
ಅಯ್ಯೋ, ಇಡೀ ದಿನ ನಿದ್ದೆ ಮಾಡಿಬಿಟ್ಟೆನಾ? ಅಂದ.

ಇಲ್ಲ ಬುವಾ, ಅಂದಳು ಓಜಸ್ವಿ,
ಸುಮ್ಮನೆ ಕಣ್ಣು ಮುಚ್ಚಿದ್ದೆ ಅಷ್ಟೆ.
ನಾವು ಹೇಳಿದ್ದೆಲ್ಲ ಕೇಳಿಸಿಕೊಳ್ತಾ ಇದ್ದೆ.